ಗಾಲ್ಫ್ ಪ್ರಶ್ನೋತ್ತರ: ನಮ್ಮ ಆಟಕ್ಕೆ ಒಪ್ಪುವ ಮೈದಾನ ಯಾವುದು?

ಹವ್ಯಾಸಿ ಗಾಲ್ಫ್ ಆಟಗಾರರು ಮೈದಾನಗಳ ಬಗ್ಗೆ ಪ್ರಶ್ನೆ ಕಳಿಸಬಹುದು ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಹೆಚ್ಚಿನ ಪತ್ರಗಳು ನಮ್ಮ ಉತ್ತರ ಕನ್ನಡದಿಂದಲೇ ಬಂದಿವೆ. ಸಾರ್ವಜನಿಕರು ಹಣ ಕೊಟ್ಟು ಆಡುವಂತಹ 18 ಹೋಲ್‌ಗಳ ಒಂದು ಮೈದಾನವೂ ಇಲ್ಲದ ಜಿಲ್ಲೆ ಇದು. (ಹೋಲ್ ಎಂದರೆ ಮೊದಲ ಹೊಡೆತದ ಜಾಗದಿಂದ ಗುಳಿಯವರೆಗಿನ ಒಂದು ಅಂಕಣ.) ಆದರೂ ನೌಕಾನೆಲೆಯ ಕುಟುಂಬಗಳು, ಕೈಗಾದ ನೌಕರರು, ಕೊಲ್ಲಿ ದೇಶಗಳಿಂದ ಮರಳಿದವರು, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಹೀಗೆ ಒಬ್ಬೊಬ್ಬರಾಗಿ ಈ ಆಟವನ್ನು ಇಲ್ಲಿಗೆ ತಂದಿದ್ದಾರೆ. ನಾನು ಬ್ಯಾಂಕಿನ ವರ್ಗಾವಣೆಗಳ ಕಾಲದಲ್ಲಿ ಮೈಸೂರಿನಲ್ಲಿ ಆಟ ಕಲಿತವಳು. ನಿವೃತ್ತಿಯ ನಂತರ ಕಾರವಾರದ ಕೋಡಿಬಾಗದಲ್ಲಿ ನೆಲೆಸಿದ್ದೇನೆ. ನನ್ನ ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕಿ, ಕಡಿಮೆಯಾದಷ್ಟೂ ಆಟ ಚೆನ್ನ) ಇಪ್ಪತ್ನಾಲ್ಕರ ಆಸುಪಾಸು. ನನ್ನಂತಹ ಸಾಮಾನ್ಯ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡೇ ಉತ್ತರಿಸಿದ್ದೇನೆ.

ಕಾರವಾರದಲ್ಲಿದ್ದುಕೊಂಡು ಗಾಲ್ಫ್ ಆಡಬೇಕೆಂದರೆ ಎಲ್ಲಿಗೆ ಹೋಗಬೇಕು? ಬೆಂಗಳೂರಿಗೇ ಹೋಗಬೇಕೇ?
— ಬೈತಖೋಲದ ಓದುಗರು

ಬೇಡ. ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿ ಹಾದು ಗಡಿಯಾಚೆ ಇಳಿದರೆ ಗೋವೆಯ ಕಾಣಕೋಣ ಸಿಗುತ್ತದೆ. ಅಲ್ಲಿನ ರಾಜಬಾಗ ಕಡಲತೀರದಲ್ಲಿ, ತಳ್ಪೋಣ ನದಿ ಸಮುದ್ರ ಸೇರುವ ಮಗ್ಗುಲಿನಲ್ಲಿ, ಲಲಿತ್ ಹೋಟೆಲಿನವರ ಒಂಬತ್ತು ಹೋಲ್‌ಗಳ ಮೈದಾನವಿದೆ. ಪ್ರತಿ ಹೋಲಿಗೂ ಎರಡು ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಇರುವುದರಿಂದ ಎರಡು ಸುತ್ತು ಆಡಿದರೆ ಹದಿನೆಂಟರ ಲೆಕ್ಕ. ಅದು ಹೋಟೆಲಿನ ಆಸ್ತಿಯಾದ್ದರಿಂದ ಹೊರಗಿನವರು ಮೊದಲೇ ಫೋನ್ ಮಾಡಿ, ಆ ದಿನ ಮೈದಾನ ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಬೇಕು.

ಅಲ್ಲಿ ಆಡಬೇಕಾದದ್ದು ಬೆಳಗಿನ ಜಾವ. ನಮ್ಮ ಕರಾವಳಿಯಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ತೆಳುವಾಗಿ ಗಾಳಿ ಇರುತ್ತದೆ. ಬಿಸಿಲೇರಿದ ಮೇಲೆ ಅದು ಮಗುಚಿ ಕಡಲಿನಿಂದ ಬೀಸತೊಡಗುತ್ತದೆ. ದೋಣಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಗಾಲ್ಫ್ ಆಡುವವರಿಗೆ ಹೇಳಬೇಕು. ಮೊದಲ ಸುತ್ತಿನಲ್ಲಿ ಏಳನೇ ಐರನ್‌ನಿಂದ ತಲುಪಿದ ಗ್ರೀನಿಗೆ (ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿಗೆ) ಎರಡನೇ ಸುತ್ತಿನಲ್ಲಿ ಐದನೆಯದೂ ಸಾಲದೆ ಹೋಗಬಹುದು. (ಐರನ್ ಎಂದರೆ ಲೋಹದ ತಲೆಯ ಕೋಲು, ಅಂದರೆ ಕ್ಲಬ್; ಅದರ ಅಂಕಿ ಚಿಕ್ಕದಾದಷ್ಟೂ ಚೆಂಡು ದೂರ ಹೋಗುತ್ತದೆ.) ಗಾಳಿ ಎದುರಾದಾಗ ಬಲ ಹಾಕಿ ಹೊಡೆಯಬೇಡಿ. ಹೊಡೆತ ಜೋರಾದಷ್ಟೂ ಚೆಂಡಿನ ಹಿಮ್ಮುಖ ತಿರುಗು ಹೆಚ್ಚಿ, ಅದು ಮೇಲಕ್ಕೆದ್ದು ನಿಂತಲ್ಲೇ ಬೀಳುತ್ತದೆ. ಒಂದೆರಡು ಕ್ಲಬ್ ದೊಡ್ಡದನ್ನು, ಅಂದರೆ ಹೆಚ್ಚು ದೂರ ಹೊಡೆಯುವುದನ್ನು ತೆಗೆದುಕೊಂಡು, ಹಿಡಿಯನ್ನು ಸ್ವಲ್ಪ ಕೆಳಗೆ ಹಿಡಿದು ಸಾವಧಾನವಾಗಿ ಬೀಸಿ.

ಇನ್ನೂ ಉತ್ತರಕ್ಕೆ ಮೊಬೋರ್ ತೀರದ ದೊಡ್ಡ ರೆಸಾರ್ಟಿನೊಳಗೆ ಪಾರ್-3 (ಮೂರು ಹೊಡೆತಗಳಲ್ಲಿ ಮುಗಿಸಬೇಕಾದ) ಹೋಲ್‌ಗಳ ಸಣ್ಣ ಮೈದಾನವಿದೆ; ಹೊಸಬರಿಗೆ ಒಳ್ಳೆಯದು. ದಕ್ಷಿಣಕ್ಕೆ ಹೋಗುವುದಾದರೆ ಮಂಗಳೂರಿನ ವಾಮಂಜೂರು ಬಳಿಯ ಪಿಲಿಕುಳದಲ್ಲಿ ಗುಡ್ಡದ ಇಳಿಜಾರುಗಳ ಮೇಲೆ ಹಾಸಿದ ಮೈದಾನ. ಪಿಲಿಕುಳದಲ್ಲಿ ಚೆಂಡು ಸಮತಟ್ಟಿನಲ್ಲಿ ನಿಲ್ಲುವುದೇ ಕಡಿಮೆ. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ಹೊಡೆಯುವುದನ್ನು ಅದು ಚೆನ್ನಾಗಿ ಕಲಿಸುತ್ತದೆ.

ದುಬೈನಲ್ಲಿ ಹತ್ತಾರು ವರ್ಷ ಆಡಿ ಊರಿಗೆ ಮರಳಿದ್ದೇನೆ. ಅಲ್ಲಿ ಸರಿಯಾಗಿ ಹೋಗುತ್ತಿದ್ದ ಪಟ್ (ಚೆಂಡನ್ನು ಗುಳಿಯತ್ತ ಉರುಳಿಸುವ ಮೆದು ಹೊಡೆತ) ಇಲ್ಲಿನ ಗ್ರೀನ್‌ಗಳಲ್ಲಿ ಎತ್ತಲೋ ಸರಿಯುತ್ತದೆ. ಇಳಿಜಾರೇ ಇಲ್ಲದ ಕಡೆಯಲ್ಲೂ ಚೆಂಡು ತಿರುಗುತ್ತದೆ. ಕಾರಣವೇನು?
— ಭಟ್ಕಳದ ಓದುಗರು

ಹುಲ್ಲು. ಗಾಲ್ಫ್ ಲೋಕ ಬರ್ಮುಡಾ ಎಂದು ಕರೆಯುವ ಹುಲ್ಲು ಬೇರೆ ಯಾವುದೂ ಅಲ್ಲ, ನಾವು ಚೌತಿಯ ದಿನ ಗಣಪತಿಗೆ ಏರಿಸುವ ಗರಿಕೆಯೇ. ಬೆಚ್ಚನೆಯ ನಾಡುಗಳ ಮೈದಾನಗಳು ಹೆಚ್ಚಾಗಿ ಅದರ ಮೇಲೆ, ಅಥವಾ ಅದರ ಮಿಶ್ರತಳಿಗಳ ಮೇಲೆ ನಿಂತಿವೆ. ಉಪ್ಪುನೀರು ತಾಗುವ ಕಡೆ ಪಾಸ್ಪಾಲಂ ಎಂಬ ಇನ್ನೊಂದು ಹುಲ್ಲನ್ನು ಹಾಕುತ್ತಾರೆ. ಕೊಲ್ಲಿಯ ಹಲವು ಮೈದಾನಗಳಲ್ಲಿ ನೀವು ಆಡಿದ್ದು ಅದರ ಮೇಲಿರಬಹುದು. ಪಾಸ್ಪಾಲಂ ಎಲೆ ಹೆಚ್ಚು ನೆಟ್ಟಗೆ ನಿಲ್ಲುತ್ತದೆ, ಚೆಂಡನ್ನು ಅಷ್ಟಾಗಿ ಎಳೆಯುವುದಿಲ್ಲ. ಗರಿಕೆ ಹಾಗಲ್ಲ. ಅದು ಹಬ್ಬುವ ಬಳ್ಳಿಹುಲ್ಲು, ಒಂದೇ ದಿಕ್ಕಿಗೆ ಒರಗಿ ಬೆಳೆಯುತ್ತದೆ. ಒರಗಿದ ಕಡೆಗೆ ಉರುಳಿಸಿದರೆ ಚೆಂಡು ಓಡುತ್ತದೆ, ಎದುರಿಗೆ ಉರುಳಿಸಿದರೆ ಸೋಲುತ್ತದೆ, ಅಡ್ಡ ಉರುಳಿಸಿದರೆ ಹುಲ್ಲು ವಾಲಿದತ್ತ ಸರಿಯುತ್ತದೆ.

ಇದನ್ನು ಕಣ್ಣಿನಿಂದಲೇ ಓದಬಹುದು. ಚೆಂಡಿನ ಹಿಂದೆ ನಿಂತು ನೋಡಿದಾಗ ಹುಲ್ಲು ಹೊಳೆಯುತ್ತಿದ್ದರೆ ಅದು ನಿಮ್ಮಿಂದ ಆಚೆಗೆ ಒರಗಿದೆ. ಕಡುಹಸಿರಾಗಿ ಮಂಕಾಗಿ ಕಂಡರೆ ನಿಮ್ಮ ಕಡೆಗೆ. ಮೈಸೂರಿನಲ್ಲಿ ನನ್ನ ಬ್ಯಾಗ್ ಹೊರುತ್ತಿದ್ದ ಹಿರಿಯ ಕ್ಯಾಡಿಯೊಬ್ಬರು ಇದಕ್ಕಿಂತ ನೆಚ್ಚಿಗೆಯ ಗುರುತನ್ನು ತೋರಿಸಿಕೊಟ್ಟರು. ಅವರು ಮೊದಲು ಗುಳಿಯ ಬಳಿ ಹೋಗಿ ಕುಕ್ಕರಗಾಲಲ್ಲಿ ಕುಳಿತು ಅದರ ಅಂಚನ್ನು ಸುತ್ತಲೂ ನೋಡುತ್ತಿದ್ದರು. 108 ಮಿಲಿಮೀಟರ್ ಅಗಲದ ಆ ಗುಳಿಯ ಒಂದು ಬದಿ ಚಾಕುವಿನಿಂದ ಕೊಯ್ದಂತೆ ನುಣುಪಾಗಿರುತ್ತದೆ. ಇನ್ನೊಂದು ಬದಿಯಲ್ಲಿ ಅಂಚು ಹರಿದು, ಎಲೆಯ ತುದಿಗಳು ಕಂದು ಬಣ್ಣಕ್ಕೆ ತಿರುಗಿರುತ್ತವೆ, ಏಕೆಂದರೆ ಗುಳಿ ಕೊರೆದಾಗ ಆ ಬದಿಯ ಹುಲ್ಲಿನ ಬುಡ ಕತ್ತರಿಸಿಹೋಗಿ ಅದು ಒಣಗುತ್ತದೆ. ಆ ಒಣಗಿದ ಬದಿಗೆ ಹುಲ್ಲು ಒರಗಿದೆ ಎಂದು ತಿಳಿಯಬೇಕು. ಮಧ್ಯಾಹ್ನದ ಹೊತ್ತಿಗೆ ಈ ಗುರುತು ಇನ್ನೂ ನಿಚ್ಚಳವಾಗುತ್ತದೆ. ಪಟ್ ಮಾಡುವ ಮುನ್ನ ಗುಳಿಯವರೆಗೆ ನಡೆದು ಹೋಗಿ ನೋಡಿ ಬರುವ ಅಭ್ಯಾಸ ಮಾಡಿಕೊಳ್ಳಿ, ಸಂಗಡಿಗರ ಪಟ್‌ನ ದಾರಿಯನ್ನು ಮಾತ್ರ ತುಳಿಯದಿರಿ.

ನನಗೆ ಅರವತ್ತೆಂಟು ವರ್ಷ. ಎಲ್ಲಿ ಆಡಿದರೂ ಮೂರು ಹೊಡೆತವಿಲ್ಲದೆ ಗ್ರೀನ್ ಮುಟ್ಟುವುದಿಲ್ಲ. ಗ್ರೀನಿಗೆ ಹತ್ತಿರವಿರುವ ಮುಂದಿನ ಟೀಯಿಂದ ಆಡೋಣವೆಂದರೆ ಅದು ಹೆಂಗಸರ ಟೀ ಎಂದು ಗೆಳೆಯರು ನಗುತ್ತಾರೆ.
— ಹೊನ್ನಾವರದ ನಿವೃತ್ತ ಮುಖ್ಯೋಪಾಧ್ಯಾಯರು

ನಗುವವರು ನಗಲಿ, ನೀವು ಮುಂದಿನ ಟೀಯಿಂದಲೇ ಆಡಿ. ಗಾಲ್ಫ್ ನಿಯಮದಲ್ಲಿ ಹೆಂಗಸರ ಟೀ ಎಂಬುದೇ ಇಲ್ಲ. ಇರುವುದು ಬೇರೆ ಬೇರೆ ದೂರದ ಟೀಗಳು. ಯಾರು ಎಲ್ಲಿಂದ ಬೇಕಾದರೂ ಆಡಬಹುದು. ನನಗಿಂತ ದೂರ ಹೊಡೆಯುವ ಹೆಂಗಸರು ಹಿಂದಿನ ಟೀಯಿಂದ ಆಡುವುದನ್ನು ನಾನು ದಿನವೂ ನೋಡಿದ್ದೇನೆ. ಅವರನ್ನು ಕಂಡು ಯಾರೂ ನಕ್ಕಿಲ್ಲ.

ಒಂದು ಸುಲಭ ಲೆಕ್ಕವಿದೆ. ನಿಮ್ಮ ಐದನೇ ಐರನ್ ಎಷ್ಟು ಗಜ ಹೋಗುತ್ತದೋ ಅದನ್ನು 36ರಿಂದ ಗುಣಿಸಿ. 140 ಗಜ ಹೋಗುತ್ತದೆ ಎಂದರೆ 5,040 ಗಜ. ಹದಿನೆಂಟು ಹೋಲ್‌ಗಳ ಒಟ್ಟು ಉದ್ದ ಅದರ ಆಸುಪಾಸಿನಲ್ಲಿರುವ ಟೀ ನಿಮ್ಮದು. ಮೈದಾನ ಆರಿಸುವಾಗ ಜನ ಹೆಸರು ನೋಡುತ್ತಾರೆ, ಶುಲ್ಕ ನೋಡುತ್ತಾರೆ, ಯಾವ ಪಂದ್ಯಾವಳಿ ನಡೆದಿದೆ ಎಂದು ನೋಡುತ್ತಾರೆ. ಹವ್ಯಾಸಿಗಳು ಮೊದಲು ನೋಡಬೇಕಾದದ್ದು ಸ್ಕೋರ್ ಕಾರ್ಡಿನಲ್ಲಿರುವ ಈ ಉದ್ದದ ಪಟ್ಟಿಯನ್ನು. ಎಂತಹ ಪ್ರಸಿದ್ಧ ಮೈದಾನವೂ ತಪ್ಪು ಟೀಯಿಂದ ಆಡಿದರೆ ನಾಲ್ಕೂವರೆ ತಾಸಿನ ದಣಿವು ಮಾತ್ರ.

ಮಗಳು ಬೆಂಗಳೂರಿನಲ್ಲಿದ್ದಾಳೆ. ಅವಳ ಕಚೇರಿಯ ಹಿರಿಯರೊಬ್ಬರು ಅತಿಥಿಯಾಗಿ ಆಡಿಸುತ್ತೇನೆ, ಬೆಂಗಳೂರು ಗಾಲ್ಫ್ ಕ್ಲಬ್ಬೋ ಕೆಜಿಎಯೋ ಹೇಳಿ ಎಂದಿದ್ದಾರೆ. ಒಂದನ್ನೇ ಆರಿಸಬೇಕು.
— ಕುಮಟಾದ ಓದುಗರು

ನೀವು ನೇರವಾಗಿ ಹೊಡೆಯುವವರಾದರೆ ಬೆಂಗಳೂರು ಗಾಲ್ಫ್ ಕ್ಲಬ್. 1876ರಲ್ಲಿ ಶುರುವಾದದ್ದು, ಹೈಗ್ರೌಂಡ್ಸ್‌ನಲ್ಲಿ ಊರಿನ ನಟ್ಟನಡುವೆ ಇದೆ. ಜಾಗ ಚಿಕ್ಕದು, ಫೇರ್‌ವೇ (ಟೀಯಿಂದ ಗ್ರೀನಿನವರೆಗಿನ ಹುಲ್ಲುಹಾದಿ) ಇಕ್ಕಟ್ಟು, ಹಳೆಯ ಮರಗಳು, ಸಣ್ಣ ಗ್ರೀನ್‌ಗಳು. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್ ಬ್ಯಾಗಿನಲ್ಲೇ ಇದ್ದರೂ ನಡೆಯುತ್ತದೆ. ದೊಮ್ಮಲೂರಿನ ಬಳಿ ಇರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ (ಕೆಜಿಎ) ಮೈದಾನ ಉದ್ದವಾದದ್ದು, ವಿಶಾಲವಾದದ್ದು, ನೀರು ಮತ್ತೆ ಮತ್ತೆ ಅಡ್ಡ ಬರುತ್ತದೆ. ವೃತ್ತಿಪರರ ದೊಡ್ಡ ಪಂದ್ಯಾವಳಿಗಳು ನಡೆಯುವುದು ಅಲ್ಲಿಯೇ. ನಾನಾದರೆ ಮೊದಲನೆಯದನ್ನೇ ಆರಿಸುತ್ತೇನೆ. ನೀರಿಗೆ ಚೆಂಡು ಕೊಟ್ಟು ಕೊಟ್ಟು ಬೇಸರಪಟ್ಟುಕೊಳ್ಳುವುದಕ್ಕಿಂತ ಮರಗಳ ನಡುವೆ ದಾರಿ ಹುಡುಕುವುದು ನನಗೆ ಹೆಚ್ಚು ಹಿಡಿಸುತ್ತದೆ.

ಕುಮಟಾದಿಂದ ಹೋಗುವವರು ಇನ್ನೊಂದನ್ನು ನೆನಪಿಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಅಲ್ಲಿ ಗಾಳಿ ತೆಳು. ಅದೇ ಹೊಡೆತಕ್ಕೆ ಚೆಂಡು ಕರಾವಳಿಗಿಂತ ನೂರಕ್ಕೆ ಮೂರ್ನಾಲ್ಕು ಪಾಲು ಹೆಚ್ಚು ದೂರ ಹೋಗುತ್ತದೆ. 140 ಗಜದ ಹೊಡೆತ 144–146ಕ್ಕೆ ಬೀಳುತ್ತದೆ, ಅಂದರೆ ಗುಳಿಯನ್ನು ದಾಟಿ. ಮೊದಲ ಕೆಲವು ಹೋಲ್‌ಗಳಲ್ಲಿ ಒಂದು ಕ್ಲಬ್ ಚಿಕ್ಕದನ್ನೇ ತೆಗೆಯಿರಿ. ನಮ್ಮಲ್ಲಿ ತೇವದ ಗಾಳಿ ಭಾರ, ಅದಕ್ಕೇ ಚೆಂಡು ಹೋಗುವುದಿಲ್ಲ ಎಂದು ಹಲವರು ಹೇಳುತ್ತಾರೆ. ಅದು ತಪ್ಪು ತಿಳಿವಳಿಕೆ. ನೀರಾವಿ ತುಂಬಿದ ಗಾಳಿ ಒಣ ಗಾಳಿಗಿಂತ ತುಸು ಹಗುರವೇ. ದೂರ ತಗ್ಗುವುದು ಎತ್ತರದ ವ್ಯತ್ಯಾಸದಿಂದ ಮತ್ತು ಬೆವರಿ ಜಾರುವ ಹಿಡಿಯಿಂದ.

ಅಡಿಕೆ ತೋಟದವನು ನಾನು. ಶಿರಸಿಯಿಂದ ಯಾವ ಮೈದಾನವೂ ಹತ್ತಿರವಿಲ್ಲ. ಮನೆಯಲ್ಲೇ ಅಭ್ಯಾಸ ಮಾಡುವುದು ಹೇಗೆ?
— ಶಿರಸಿ ತಾಲ್ಲೂಕಿನ ಓದುಗರು

ನಿಮಗಿರುವ ಅನುಕೂಲ ಪೇಟೆಯವರಿಗಿಲ್ಲ. ಅಡಿಕೆ ಒಣಗಿಸುವ ಅಂಗಳ ಕೊಯ್ಲಿನ ತಿಂಗಳುಗಳನ್ನು ಬಿಟ್ಟು ಉಳಿದ ಕಾಲ ಖಾಲಿ ಇರುತ್ತದೆ. ಚಪ್ಪರದ ಎರಡು ಕಂಬಗಳ ನಡುವೆ ಗಟ್ಟಿ ಬಲೆ ಕಟ್ಟಿ. ಹಳೆಯ ಮೀನುಬಲೆ ಸಾಲದು, ಕಣ್ಣು ಚಿಕ್ಕದಿರುವ, ದಪ್ಪ ದಾರದ ಬಲೆಯೇ ಬೇಕು. ಅದನ್ನು ಬಿಗಿಯಾಗಿ ಎಳೆದು ಕಟ್ಟಬೇಡಿ; ಬಿಗಿಯಾದ ಬಲೆ ಚೆಂಡನ್ನು ನಿಮ್ಮ ಮುಖಕ್ಕೇ ಹಿಂದಿರುಗಿಸುತ್ತದೆ. ಸಡಿಲವಾಗಿ ಇಳಿಬಿಟ್ಟು, ಅದರ ಹಿಂದೆ ಒಂದಷ್ಟು ಜಾಗ ಬಿಟ್ಟು ಹಳೆಯ ಕಂಬಳಿಯೊಂದನ್ನು ತೂಗುಹಾಕಿ. ನೀವು ಬಲೆಯಿಂದ ಮೂರು ಮೀಟರ್ ದೂರ ನಿಂತರೆ ಸಾಕು. ಕಾಲಡಿಗೆ ದಪ್ಪನೆಯ ನಾರಿನ ಚಾಪೆ ಹಾಕಿ. ಸಿಮೆಂಟ್ ಅಥವಾ ಜಂಬಿಟ್ಟಿಗೆಯ ನೆಲದ ಮೇಲೆ ನೇರವಾಗಿ ಹೊಡೆದರೆ ಮಣಿಕಟ್ಟು ಹೋಗುತ್ತದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಚಿಪ್ (ಚೆಂಡನ್ನು ತುಸು ಎತ್ತಿ ಹತ್ತಿರಕ್ಕೆ ಹಾಕುವ ಹೊಡೆತ) ಮಾಡಲು ಭತ್ತ ಕೊಯ್ದ ಗದ್ದೆ ಬಹಳ ಒಳ್ಳೆಯ ಜಾಗ. ಕೂಳೆಗಳ ನಡುವಿನ ಗಟ್ಟಿ ನೆಲದಿಂದ ಚೆಂಡನ್ನು ಸ್ವಚ್ಛವಾಗಿ ಎತ್ತಲು ಕಲಿತವರಿಗೆ ಯಾವ ಫೇರ್‌ವೇಯೂ ಕಷ್ಟವಲ್ಲ. ಗದ್ದೆಯ ಅಂಚಿನಲ್ಲಿ ಬುಟ್ಟಿಯೊಂದನ್ನಿಟ್ಟು ಇಪ್ಪತ್ತು, ಮೂವತ್ತು, ನಲವತ್ತು ಹೆಜ್ಜೆಗಳಿಂದ ಅದರೊಳಗೆ ಬೀಳುವಂತೆ ಹೊಡೆಯಿರಿ. ದನ ಮೇಯುವ ಹೊತ್ತಿನಲ್ಲಿ ಬೇಡ. 45 ಗ್ರಾಂ ತೂಕದ ಆ ಚೆಂಡು ಕರುವಿನ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ.

ಮೈಸೂರಿನಲ್ಲಿ ನಾನು 104 ಹೊಡೆದೆ. ಇನ್ನೊಂದು ಕಡೆ ಗೆಳೆಯ 100 ಹೊಡೆದ. ಅವನೇ ಉತ್ತಮ ಆಟಗಾರನೇ?
— ಕೈಗಾದ ಓದುಗರು

ಗಾಲ್ಫ್‌ನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು ನಿಜ, ಆದರೆ ಮೈದಾನದ ಕಷ್ಟ ತಿಳಿಯದೆ ಹೇಳಲಾಗದು. 2020ರಿಂದ ಜಾರಿಯಲ್ಲಿರುವ ಜಾಗತಿಕ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಪ್ರತಿ ಟೀಗೂ ಎರಡು ಅಂಕಿಗಳಿರುತ್ತವೆ. ಕೋರ್ಸ್ ರೇಟಿಂಗ್ ಎಂದರೆ ನುರಿತ ಆಟಗಾರ ಅಲ್ಲಿ ಎಷ್ಟರಲ್ಲಿ ಮುಗಿಸಬೇಕು ಎಂಬುದು. ಸ್ಲೋಪ್ ಎಂದರೆ ಸಾಮಾನ್ಯ ಆಟಗಾರನಿಗೆ ಆ ಮೈದಾನ ಇನ್ನೆಷ್ಟು ಕಠಿಣ ಎಂಬುದು. ಅದು 55ರಿಂದ 155ರವರೆಗೆ ಇರಬಹುದು, ಸಾಧಾರಣ ಮೈದಾನಕ್ಕೆ 113. ಹೊಡೆತಗಳಿಂದ ರೇಟಿಂಗ್ ಕಳೆದು, 113ರಿಂದ ಗುಣಿಸಿ, ಸ್ಲೋಪ್‌ನಿಂದ ಭಾಗಿಸಬೇಕು. ಉದಾಹರಣೆಗೆ ನೀವು ಆಡಿದ ಟೀಗೆ ರೇಟಿಂಗ್ 73, ಸ್ಲೋಪ್ 130 ಎಂದಿಟ್ಟುಕೊಳ್ಳಿ. ನಿಮ್ಮ ಲೆಕ್ಕ 26.9. ಗೆಳೆಯರದಕ್ಕೆ 70 ಮತ್ತು 113 ಎಂದಾದರೆ ಅವರದು 30. ಹಾಗಿದ್ದರೆ ಆ ದಿನ ಚೆನ್ನಾಗಿ ಆಡಿದವರು ನೀವೇ. ನಿಜವಾದ ಅಂಕಿಗಳು ಕಾರ್ಡಿನ ಮೇಲೆ ಇರುತ್ತವೆ, ನೋಡಿ ಲೆಕ್ಕ ಹಾಕಿ.

ಕಾಗೆಯೊಂದು ನಮ್ಮೆದುರೇ ಚೆಂಡನ್ನು ಕಚ್ಚಿಕೊಂಡು ಹೋಯಿತು. ಏನು ಮಾಡಬೇಕಿತ್ತು? ಏಡಿಯ ಬಿಲದಲ್ಲಿ ಚೆಂಡು ಸಿಕ್ಕಿಕೊಂಡರೆ?
— ಮಾಜಾಳಿಯ ಓದುಗರು

ನಿಂತ ಚೆಂಡನ್ನು ಕಾಗೆ ಒಯ್ದದ್ದನ್ನು ಕಣ್ಣಾರೆ ಕಂಡಿದ್ದರೆ ದಂಡವಿಲ್ಲ. ಇದ್ದ ಜಾಗದಲ್ಲೇ ಇನ್ನೊಂದು ಚೆಂಡನ್ನು ಇಟ್ಟು ಆಡಿ. ಏಡಿಯ ಬಿಲ ಪ್ರಾಣಿ ತೋಡಿದ ಬಿಲದ ಲೆಕ್ಕಕ್ಕೆ ಬರುತ್ತದೆ, ದಂಡವಿಲ್ಲದೆ ಚೆಂಡನ್ನು ಪಕ್ಕದಲ್ಲಿ ಕೈಯಿಂದ ಬಿಟ್ಟು ಆಡಬಹುದು. ಮಳೆ ನಿಂತ ನೀರಿಗೂ, ಒದ್ದೆ ಫೇರ್‌ವೇಯಲ್ಲಿ ತನ್ನದೇ ಕುಳಿಯೊಳಗೆ ಹೂತ ಚೆಂಡಿಗೂ ಹಾಗೆಯೇ. 2019ರಿಂದ ಚೆಂಡನ್ನು ಮೊಣಕಾಲಿನ ಎತ್ತರದಿಂದ ಬಿಡಬೇಕು, ಭುಜದಿಂದ ಅಲ್ಲ. ಹುಡುಕಲು ಸಿಗುವುದೂ ಈಗ ಮೂರೇ ನಿಮಿಷ.

ಗಾಲ್ಫ್ ಹುಟ್ಟಿದ್ದೇ ಕಡಲತಡಿಯ ಮರಳು ದಿಣ್ಣೆಗಳಲ್ಲಿ ಎನ್ನುತ್ತಾರೆ. ನಮ್ಮಲ್ಲಿ ಕಾರವಾರದಿಂದ ಭಟ್ಕಳದವರೆಗೆ ಮರಳೇ ಮರಳು. ಇಲ್ಲೊಂದು ದೊಡ್ಡ ಮೈದಾನ ಏಕಾಗಬಾರದು? ಪ್ರವಾಸಿಗರೂ ಬರುತ್ತಾರೆ.
— ಅಂಕೋಲಾದ ಓದುಗರು

ಈ ಆಟವನ್ನು ಇಷ್ಟು ಪ್ರೀತಿಸುವ ನಾನೇ ಇದನ್ನು ವಿರೋಧಿಸುತ್ತೇನೆ.

ಸ್ಕಾಟ್ಲೆಂಡಿನ ಕಡಲತೀರದಲ್ಲಿ ಮರಳಿನ ಮೇಲೆ ತಾನಾಗಿ ಬೆಳೆಯುವ ಸಣ್ಣೆಲೆಯ ಹುಲ್ಲು ತಂಪು ಹವೆಯದು. ಬೇಸಾಯಕ್ಕೆ ಬಾರದ ನೆಲದಲ್ಲಿ ಕುರಿ ಮೇಯುತ್ತಿದ್ದವು, ಜನ ಅಲ್ಲೇ ಆಡಿದರು. ಯಾರೂ ಅದನ್ನು ಕಟ್ಟಲಿಲ್ಲ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದ ಮಳೆ ಹುಲ್ಲನ್ನು ಮುಳುಗಿಸುತ್ತದೆ, ಆಮೇಲೆ ಏಳೆಂಟು ತಿಂಗಳು ಅದೇ ಹುಲ್ಲಿಗೆ ಸಿಹಿನೀರು ಹಾಯಿಸಬೇಕು. ಮರಳಿನಲ್ಲಿ ಹಾಕಿದ ನೀರು ನಿಲ್ಲುವುದಿಲ್ಲ. ಏಪ್ರಿಲ್ ಬಂತೆಂದರೆ ಕರಾವಳಿಯ ಬಾವಿಗಳಿಗೆ ಉಪ್ಪುನೀರು ನುಗ್ಗುವುದನ್ನು ನೀವೂ ಕಂಡಿದ್ದೀರಿ. ಆ ಬಾವಿಗಳ ಪಕ್ಕದಲ್ಲಿ ಹುಲ್ಲಿಗೆಂದು ಪಂಪು ಇಳಿಸುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನು ನೆಲ. 18 ಹೋಲ್‌ಗಳ ಪೂರ್ಣ ಮೈದಾನಕ್ಕೆ ನೂರು ಎಕರೆಗೂ ಹೆಚ್ಚು ಬೇಕು. ಈ ಜಿಲ್ಲೆ ಕಾಳಿಯ ಅಣೆಕಟ್ಟುಗಳಿಗೆ ನೆಲ ಕೊಟ್ಟಿದೆ, ಕೈಗಾಕ್ಕೆ ಕೊಟ್ಟಿದೆ, ಸೀಬರ್ಡ್ ನೌಕಾನೆಲೆಗೆ ಅರ್ಗಾದ ಸುತ್ತಲಿನ ಊರುಗಳನ್ನೂ ಕಡಲತೀರವನ್ನೂ ಕೊಟ್ಟಿದೆ. ಅಂಕೋಲಾದವರಾದ ನಿಮಗೆ ನಿರಾಶ್ರಿತರ ಕಾಲನಿಗಳನ್ನು ನಾನು ತೋರಿಸಬೇಕಿಲ್ಲ. ಬಲೆ ಒಣಗಿಸುವ, ದೋಣಿ ಎಳೆದಿಡುವ ಮರಳಿಗೆ ಬೇಲಿ ಹಾಕಿ ನಾವು ಒಂದಷ್ಟು ಜನ ಆಡುವುದು ನ್ಯಾಯವಲ್ಲ. ಆ ದಿಣ್ಣೆಗಳೂ ಅವುಗಳ ಮೇಲೆ ಹಬ್ಬಿದ ಬಳ್ಳಿಗಳೂ ಮಳೆಗಾಲದ ಅಲೆಗಳಿಗೆ ತಡೆಯಾಗಿ ನಿಂತಿವೆ.

ಸ್ಕಾಟ್ಲೆಂಡಿನಿಂದ ತರಬೇಕಾದದ್ದು ಬೇರೆ ಇದೆ. ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ ಸಾರ್ವಜನಿಕ ನೆಲ. 1764ರಲ್ಲಿ ಹದಿನೆಂಟು ಹೋಲ್‌ಗಳ ಕ್ರಮ ಮೊದಲು ನೆಲೆಗೊಂಡದ್ದು ಅಲ್ಲಿ. ಭಾನುವಾರ ಸಾಮಾನ್ಯವಾಗಿ ಅಲ್ಲಿ ಆಟವಿಲ್ಲ. ಊರಿನವರು ಮಕ್ಕಳೊಂದಿಗೆ, ನಾಯಿಗಳೊಂದಿಗೆ ಅದೇ ಹುಲ್ಲಿನ ಮೇಲೆ ಓಡಾಡುತ್ತಾರೆ. ನಮ್ಮ ಜಿಲ್ಲೆಗೆ ಬೇಕಾದದ್ದು ಘಟ್ಟದ ಮೇಲೆಲ್ಲಾದರೂ, ಈಗಾಗಲೇ ಬಯಲಾಗಿರುವ ಸರ್ಕಾರಿ ನೆಲದಲ್ಲಿ, ಆರೋ ಒಂಬತ್ತೋ ಪಾರ್-3 ಹೋಲ್‌ಗಳು. ಕಾಡು ಕಡಿಯದೆ, ಸಂಸ್ಕರಿಸಿದ ನೀರಿನಿಂದ ಬೆಳೆಸಿದ ಸ್ಥಳೀಯ ಗರಿಕೆ ಸಾಕು. ವಾರಕ್ಕೊಂದು ದಿನ ಶಾಲಾ ಮಕ್ಕಳಿಗೆ ಬಿಟ್ಟಿ. ಅಂತಹದ್ದಕ್ಕೆ ಮನವಿ ಬರೆಯುವುದಾದರೆ ಮೊದಲ ಸಹಿ ನನ್ನದು.

ಡಿಸೆಂಬರ್‌ನಲ್ಲಿ ನಾಲ್ವರು ಗೆಳೆಯರು ಹೊರಡುತ್ತಿದ್ದೇವೆ. ಇಬ್ಬರಿಗೆ ಮಂಡಿನೋವು. ಮೈಸೂರು, ಚಿಕ್ಕಮಗಳೂರು, ಕೊಡಗು, ಯಾವುದು?
— ದಾಂಡೇಲಿಯ ಓದುಗರು

ಇಬ್ಬರಿಗೆ ಮಂಡಿನೋವು ಎಂದು ಬರೆದಿದ್ದೀರಿ, ಆದ್ದರಿಂದ ಮೈಸೂರು. ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಕುದುರೆ ಪಂದ್ಯದ ಮೈದಾನಕ್ಕೆ ಹೊಂದಿಕೊಂಡಿದೆ. ನೆಲ ಬಹುಮಟ್ಟಿಗೆ ಸಮತಟ್ಟು, ನಡೆದಾಡಲು ಹಿತ, ಎದುರಿಗೆ ಚಾಮುಂಡಿ ಬೆಟ್ಟ. ಪಂದ್ಯದ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಕಾಫಿ ತೋಟಗಳ ನಡುವಿನ ಚಿಕ್ಕಮಗಳೂರು ಮೈದಾನ, ವಿರಾಜಪೇಟೆ ಬಳಿ ಬಿಟ್ಟಂಗಾಲದ ಕೂರ್ಗ್ ಗಾಲ್ಫ್ ಲಿಂಕ್ಸ್ ಎರಡೂ ಚೆಲುವಾದವು, ಏರಿಳಿತ ಹೆಚ್ಚು. ಮಂಡಿ ಸರಿಯಾದ ವರ್ಷ ಹೋಗಿ. ಎಲ್ಲಿಗೆ ಹೋದರೂ ಕಾಲರ್ ಇರುವ ಅಂಗಿ ಇರಲಿ, ಜೀನ್ಸ್ ಬೇಡ, ಕ್ಯಾಡಿಯ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.

ಮಗಳಿಗೆ ಒಂಬತ್ತು ವರ್ಷ. ಟಿವಿಯಲ್ಲಿ ಅದಿತಿ ಅಶೋಕ್ ಆಟ ನೋಡಿ ತಾನೂ ಕಲಿಯುತ್ತೇನೆ ಎನ್ನುತ್ತಾಳೆ. ನಾವು ಮೀನುಗಾರಿಕೆಯವರು. ಇದು ನಮ್ಮಂತಹವರ ಆಟವೇ?
— ಕಾರವಾರದ ತಂದೆಯೊಬ್ಬರು

ಹೌದು, ನಿಮ್ಮದೂ ಆಟ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿದ ಅದಿತಿ ಚಿಕ್ಕ ಹುಡುಗಿಯಾಗಿ ಆಟ ಶುರು ಮಾಡಿದ್ದು ಬೆಂಗಳೂರಿನಲ್ಲಿ. 2009ರ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿ ಬ್ಯಾಗ್ ಹೊತ್ತವರು. ವೃತ್ತಿಪರ ಆಟಗಾರ ಎಸ್. ಚಿಕ್ಕರಂಗಪ್ಪ ಬಿಡದಿ ಬಳಿಯ ಹಳ್ಳಿಯವರು. ಊರ ಪಕ್ಕದ ಈಗಲ್‌ಟನ್ ಮೈದಾನದಲ್ಲಿ ಆಟ ಹಿಡಿದವರು. ದಾರಿ ಸುಲಭವೆಂದು ನಾನು ಹೇಳುವುದಿಲ್ಲ. ಮೈದಾನ ದೂರ, ಸಲಕರಣೆ ದುಬಾರಿ.

ಆದರೆ ಮೊದಲ ವರ್ಷಕ್ಕೆ ಎರಡೂ ಬೇಕಾಗಿಲ್ಲ. ಒಂದು ಮಕ್ಕಳ ಪಟ್ಟರ್, ಒಂದು ಮಕ್ಕಳ ಏಳನೇ ಐರನ್ ಕೊಡಿಸಿ, ಬಳಸಿದ್ದಾದರೂ ಆದೀತು. ದೊಡ್ಡವರ ಕ್ಲಬ್ಬನ್ನು ಕತ್ತರಿಸಿ ಕೊಡಬೇಡಿ, ಕೋಲು ಗಿಡ್ಡವಾದರೂ ತುದಿಯ ಭಾರ ಹಾಗೇ ಉಳಿದು ಮಗುವಿನ ಬೀಸು ಕೆಡುತ್ತದೆ. ಮನೆಯೊಳಗೆ ಚಾಪೆಯ ಮೇಲೆ ಲೋಟಕ್ಕೆ ಪಟ್ ಮಾಡಲಿ. ಸಂಜೆ ಇಳಿತದ ಹೊತ್ತಿಗೆ ಟಾಗೋರ್ ತೀರದ ಒದ್ದೆ ಮರಳಿನಲ್ಲಿ, ಜನರಿಲ್ಲದ ಕಡೆ, ಪ್ಲಾಸ್ಟಿಕ್ ಚೆಂಡುಗಳನ್ನು ಹೊಡೆಯಲಿ. ಕ್ಲಬ್ ಮರಳನ್ನು ಮೊದಲು ತಾಕಿತೋ ಚೆಂಡನ್ನೋ ಎಂಬುದು ಅಲ್ಲಿ ಗುರುತಾಗಿ ಉಳಿಯುತ್ತದೆ, ಅವಳೇ ನೋಡಿ ತಿದ್ದಿಕೊಳ್ಳಬಹುದು. ಹೊಡೆದ ಚೆಂಡುಗಳನ್ನೆಲ್ಲ ಎಣಿಸಿ ಹೆಕ್ಕಿಕೊಂಡು ಬನ್ನಿ. ನಿಮ್ಮ ವಿಳಾಸವನ್ನು ಪತ್ರಿಕೆಯ ಕಚೇರಿಗೆ ಕಳಿಸಿದರೆ, ನನ್ನ ಬಳಿ ಇರುವ ಮಕ್ಕಳ ಪಟ್ಟರ್ ಒಂದನ್ನು ಈ ವಾರವೇ ತಲುಪಿಸುತ್ತೇನೆ.